ಡೆಸ್ ದ್ರಾವಣ: ಹುಳುವಿನ ರೂಪವೂ ಉಳಿಯುತ್ತದೆ, ಡಿಎನ್‌ಎಯೂ ಉಳಿಯುತ್ತದೆ

ಹೊಸ ನೆಮಟೋಡ್ (ದುಂಡುಹುಳು) ಪ್ರಭೇದವನ್ನು ವಿವರಿಸುವವರ ಹಳೆಯ ತಲೆನೋವು ಇದು: ಫಾರ್ಮಾಲಿನ್‌ನಲ್ಲಿಟ್ಟ ಹುಳು ಅಳತೆಗೆ ಒದಗುತ್ತದೆ, ಡಿಎನ್‌ಎ ಮಾತ್ರ ಹಾಳು. ಆಲ್ಕೋಹಾಲ್‌ನಲ್ಲಿಟ್ಟರೆ ಡಿಎನ್‌ಎ ಉಳಿದರೂ ಮೈ ಸುಕ್ಕುಗಟ್ಟುತ್ತದೆ. ಮಾದರಿ ಕೆಡದಂತೆ ಇಡುವ ಡೆಸ್ (DESS) ದ್ರಾವಣ ಎರಡಕ್ಕೂ ಆಗುತ್ತದೆ, ಫ್ರಿಜ್ಜೂ ಬೇಡ.

ಒಳಗಿರುವುದು ಶೇ. 20 ಡಿಎಂಎಸ್‌ಒ (ಅಂಗಾಂಶದೊಳಗೆ ಇಳಿಯುವ ದ್ರಾವಕ), 0.25 ಮೋಲಾರ್ ಇಡಿಟಿಎ (ಲೋಹದ ಅಯಾನುಗಳನ್ನು ಹಿಡಿದಿಡುವ ರಾಸಾಯನಿಕ), ಕರಗುವಷ್ಟೂ ಉಪ್ಪು. ಪಿಎಚ್ 8ಕ್ಕೆ ಬರುವವರೆಗೆ ಇಡಿಟಿಎ ಸರಿಯಾಗಿ ಕರಗದು. ಸಿದ್ಧ ಬಾಟಲಿ ಕೊಂಡರೆ ಈ ಗೋಳು ತಪ್ಪುತ್ತದೆ. ತಳದಲ್ಲಿ ಉಪ್ಪಿನ ಹರಳು ಕಂಡರೆ ಗಾಬರಿ ಬೇಡ.

ಡೆಸ್‌ನ ದೊಡ್ಡ ಕೊರತೆ ಹುಳುವನ್ನು ತೊಳೆಯುವ ಕೆಲಸ. ಉಪ್ಪು ಉಳಿದರೆ ಗ್ಲಿಸರಿನ್ ಸ್ಲೈಡಿನಲ್ಲಿ ಹರಳುಗಟ್ಟಿ ಸ್ಟೈಲೆಟ್ಟಿನ (ಬಾಯಿಯ ಸೂಜಿಯ) ಬುಡದ ಗುಬುಟುಗಳೇ ಕಾಣುವುದಿಲ್ಲ. ಇಡಿಟಿಎ ಉಳಿದರೆ ಮೆಗ್ನೀಸಿಯಂ ಹಿಡಿದಿಟ್ಟು ಪಿಸಿಆರ್ (ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಕೆಡಿಸುತ್ತದೆ; ಜೆಲ್‌ನಲ್ಲಿ ಪಟ್ಟಿ ಮೂಡದಿದ್ದಾಗ ಪ್ರೈಮರನ್ನು (ಪಿಸಿಆರ್ ಶುರುಮಾಡುವ ಡಿಎನ್‌ಎ ತುಣುಕನ್ನು) ಬೈಯುವ ಮೊದಲು ಇದನ್ನು ನೋಡಿ. ಶುದ್ಧ ನೀರನ್ನು ಎರಡು ಮೂರು ಸಲ ಬದಲಿಸಿ, ತಾತ್ಕಾಲಿಕ ಸ್ಲೈಡಿನಲ್ಲಿ ತಲೆ, ಅನ್ನನಾಳ, ಯೋನಿದ್ವಾರ, ಬಾಲದ ಚಿತ್ರ ತೆಗೆದು, ಅದೇ ಹುಳುವನ್ನು ಅರೆದು, ಪ್ರಭೇದ ಗುರುತಿಸಲು ನೆರವಾಗುವ 28ಎಸ್ ಜೀನಿನ ಡಿ2-ಡಿ3 ಭಾಗದ ಡಿಎನ್‌ಎ ಅನುಕ್ರಮಕ್ಕೆ ಬಳಸಿ. ಹೋಲೋಟೈಪ್ (ಪ್ರಭೇದದ ಹೆಸರಿಗೆ ಆಧಾರವಾಗುವ ಏಕೈಕ ಮಾದರಿ) ಆಗಬೇಕಾದ ಹುಳುವನ್ನು ಮಾತ್ರ ಅರೆಯಬೇಡಿ.

ಬರೀ ಸ್ಲೈಡಿಗಾದರೆ ಬಿಸಿ ಫಾರ್ಮಾಲಿನ್ನೇ ಈಗಲೂ ಮೇಲು.