‘ಮೆನು ರೇಟ್ ಬದಲಿಸಬೇಕು, ಲಾಗಿನ್ ಕೊಡು’ ಅಂದರೆ ಹುಷಾರು

ಮುಂಬಯಿ, ಠಾಣೆ, ಡೊಂಬಿವಲಿ ಕಡೆ ಹೊಸದಾಗಿ ವೆಬ್ ಡಿಸೈನ್‌ಗೆ ಇಳಿದಿರುವ ನಮ್ಮವರು ದಯವಿಟ್ಟು ಓದಿ. ಪೂರ್ತಿ ಹಣ ಕೈಗೆ ಬರುವ ಮೊದಲು ವರ್ಡ್‌ಪ್ರೆಸ್‌ನ (ಸೈಟ್ ಕಟ್ಟುವ ಸಾಫ್ಟ್‌ವೇರ್) ಅಡ್ಮಿನ್ ಲಾಗಿನ್, ಅಂದರೆ ಪೂರ್ತಿ ಅಧಿಕಾರದ್ದು, ಯಾರಿಗೂ ಕೊಡಬೇಡಿ. ಯಾರಿಗೂ. ಊರಿನವರಾದರಂತೂ ಕೊಡಲೇಬೇಡಿ.

ನನಗೆ ಆದದ್ದು ಹೇಳುತ್ತೇನೆ. ಗಿರಾಕಿ ಹೋಟೆಲ್‌ನವರು, ಕೇಟರಿಂಗೂ ಉಂಟು, ನಮ್ಮ ಕರಾವಳಿಯವರೇ. ಐದು ಪುಟದ ಸೈಟ್, 40,000 ರೂಪಾಯಿ ಅಂತ ಮಾತು. ಟೋಕನ್ 5,000 ಬಂತು, ಉಳಿದದ್ದು ‘ಲೈವ್ ಆದ ದಿನವೇ’. ಆಮೇಲೆ ಗೊತ್ತಲ್ಲ, ಐದು ಪುಟ ಎಂಟಾಯಿತು, ಕೇಟರಿಂಗ್ ಫಾರ್ಮ್ ಸೇರಿತು, ಮರಾಠಿ ಪುಟ ಸೇರಿತು. ಅದು ಈ ಧಂದೆಯಲ್ಲಿ ಇದ್ದದ್ದೇ, ಬಿಡಿ.

ಸೈಟ್ ಇನ್ನೂ ನನ್ನ ಸ್ಟೇಜಿಂಗ್ ಸರ್ವರ್‌ನಲ್ಲಿತ್ತು (ಲೈವ್ ಆಗುವ ಮುಂಚೆ ಕಟ್ಟಿ ನೋಡುವ ಜಾಗ). ‘ದೋಸೆ ರೇಟ್ ಬದಲಿಸಬೇಕು ಮಾರಾಯ, ಪ್ರತಿ ಸಲ ನಿನಗ್ಯಾಕೆ ತೊಂದರೆ?’ ಅಂದರು. ಎಡಿಟರ್ ರೋಲ್, ಅಂದರೆ ಪುಟ ತಿದ್ದುವಷ್ಟೇ ಅಧಿಕಾರದ ಲಾಗಿನ್, ಕೊಟ್ಟೆ. ರೇಟ್ ಬದಲಿಸಲು ಅದು ಧಾರಾಳ ಸಾಕು. ‘ಇದರಲ್ಲಿ ಏನೂ ಕಾಣುವುದಿಲ್ಲ, ನಮ್ಮ ಅಳಿಯ ನೋಡ್ತಾನೆ, ಪೂರ್ತಿದು ಕೊಡು’ ಅಂತ ಅಡ್ಮಿನ್ ತೆಗೆಸಿಕೊಂಡರು. ಅಳಿಯ ನೋಡಿದ್ದು ದೋಸೆ ರೇಟ್ ಅಲ್ಲ. ಮೈಗ್ರೇಶನ್ ಪ್ಲಗಿನ್ (ಸೈಟನ್ನು ಬೇರೆಡೆ ಸಾಗಿಸುವ ಆಡ್-ಆನ್) ಹಾಕಿ ಡೇಟಾಬೇಸ್, ಥೀಮ್, ಫೋಟೋ ಎಲ್ಲವನ್ನೂ ಒಂದೇ ಫೈಲ್ ಮಾಡಿ ಇಳಿಸಿಕೊಂಡ. ಅದನ್ನು ಬೇರೆ ಹೋಸ್ಟಿಂಗ್‌ಗೆ ಏರಿಸಿ, ಡೊಮೇನಿನ ‘ಎ’ ರೆಕಾರ್ಡ್ (ಡೊಮೇನ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ಡಿಎನ್‌ಎಸ್ ಸಾಲು) ಅತ್ತ ತಿರುಗಿಸಿದ. ಅಷ್ಟೇ, ಸೈಟ್ ಲೈವ್! ನನಗೆ ಒಂದು ಫೋನ್ ಇಲ್ಲ.

ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಆ ಪ್ಲಗಿನ್ ಡೇಟಾಬೇಸ್‌ನೊಳಗಿನ ವಿಳಾಸಗಳನ್ನು ತಾನೇ ಬದಲಿಸುತ್ತದೆ, ಚೈಲ್ಡ್ ಥೀಮ್‌ನ (ಮೂಲ ಥೀಮ್‌ನ ಮೇಲೆ ನಾನು ಮಾಡಿದ ವಿನ್ಯಾಸ) ಸಿಎಸ್‌ಎಸ್ ಫೈಲ್‌ನಲ್ಲಿ, ಅಂದರೆ ಸ್ಟೈಲ್ ಫೈಲ್‌ನಲ್ಲಿ, ನಾನು ಕೈಯಾರೆ ಬರೆದ ಫೋಟೋ ವಿಳಾಸವನ್ನು ಮುಟ್ಟುವುದಿಲ್ಲ. ಹಾಗಾಗಿ ಅವರ ಲೈವ್ ಸೈಟ್‌ನ ತುಪ್ಪದ ದೋಸೆಯ ಬ್ಯಾನರ್ ನನ್ನ ಸರ್ವರ್‌ನಿಂದಲೇ ಬರುತ್ತಿತ್ತು! ಫೈಲ್ ಯಾರು ಕೇಳಿದರು ಅಂತ ಬರೆದಿಡುವ ನನ್ನ ಸರ್ವರ್ ಲಾಗ್ ತುಂಬ ಅವರ ಡೊಮೇನ್. ಆ ಫೈಲ್ ತೆರೆದರೆ ಮೇಲ್ಗಡೆ ‘ಆಥರ್’ ಅನ್ನುವ ಸಾಲಿನಲ್ಲಿ ನನ್ನದೇ ಹೆಸರು. ಪುಟದ ಅಡಿಯ ಫುಟರ್‌ನಿಂದ ಅಳಿಸಿದ್ದಾರೆ, ಅಲ್ಲಿ ಅಳಿಸಲು ಗೊತ್ತಾಗಲಿಲ್ಲ.

ಕೇಳಿದ್ದಕ್ಕೆ ಬಂದ ಉತ್ತರ: ‘ಅದು ಅಳಿಯ ಹೊಸತಾಗಿ ಮಾಡಿದ್ದು.’ ಆ ಸಾಲಿನ ಸ್ಕ್ರೀನ್‌ಶಾಟ್ ಕಳಿಸಿದೆ. ನೀಲಿ ಟಿಕ್ ಬಿತ್ತು, ಮಾತಿಲ್ಲ. ಮರುದಿನ, ‘ಜಿಎಸ್‌ಟಿ ಬಿಲ್ ಕೊಡು, ಇಲ್ಲದಿದ್ದರೆ ಆಡಿಟರ್ ಪಾಸ್ ಮಾಡುವುದಿಲ್ಲ.’ ವರ್ಷಕ್ಕೆ 20 ಲಕ್ಷದೊಳಗೆ ದುಡಿಯುವ ಡಿಸೈನರ್‌ಗೆ ಜಿಎಸ್‌ಟಿ ನೋಂದಣಿಯೇ ಬೇಕಿಲ್ಲ, ಸಾದಾ ಬಿಲ್ ನಡೆಯುತ್ತದೆ ಅಂದೆ. ಆಗ ನಿಜ ಹೊರಬಿತ್ತು: ‘ಹೊಸಬನಿಗೆ 5,000 ಸಾಕು. ನಿನ್ನ ಅಪ್ಪನ ಪರಿಚಯ ಉಂಟು ನನಗೆ, ಸುಮ್ಮನೆ ಗಲಾಟೆ ಮಾಡಬೇಡ.’

ಅಪ್ಪನ ಪರಿಚಯಕ್ಕೂ ನನ್ನ 35,000ಕ್ಕೂ ಏನು ಸಂಬಂಧ ಮಾರಾಯ್ರೆ?

ಈಗ ಕೇಳಿ. ಎಡಿಟರ್ ರೋಲ್‌ಗಿಂತ ಮೇಲೆ ಹೋಗಬೇಡಿ, ಎಷ್ಟು ಗೋಗರೆದರೂ. ಕೊಡಲೇಬೇಕಾಗಿ ಬಂದರೆ ಮೊದಲು ಡಬ್ಲ್ಯುಪಿ-ಕಾನ್ಫಿಗ್ ಅನ್ನುವ ವರ್ಡ್‌ಪ್ರೆಸ್ ಸೆಟ್ಟಿಂಗ್ ಫೈಲ್‌ನಲ್ಲಿ ‘ಡಿಸ್‌ಅಲೌ ಫೈಲ್ ಮಾಡ್ಸ್’ ಅನ್ನು ‘ಟ್ರೂ’ ಮಾಡಿ. ಆಮೇಲೆ ಡ್ಯಾಶ್‌ಬೋರ್ಡ್‌ನಿಂದ ಅಡ್ಮಿನ್ ಕೂಡ ಪ್ಲಗಿನ್ ಹಾಕಲಾರ. ಅರ್ಧ ಹಣ ಶುರುವಿಗೆ, ಕಾಲು ಭಾಗ ಡಿಸೈನ್ ಒಪ್ಪಿದಾಗ, ಉಳಿದದ್ದು ಡಿಎನ್‌ಎಸ್ ತಿರುಗಿಸುವ ಮುಂಚೆ. ‘ಲೈವ್ ಆದ ದಿನ’ ಅನ್ನುವ ದಿನ ಬರುವುದೇ ಇಲ್ಲ. ಪೂರ್ತಿ ಹಣ ಬಂದ ಮೇಲೆಯೇ ಹಕ್ಕು ವರ್ಗಾವಣೆ ಅಂತ ಒಂದು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲೇ ಆಗಬೇಕು, ಬಾಯಿಮಾತು ನಡೆಯುವುದಿಲ್ಲ. ಉದ್ಯಮ್ ನೋಂದಣಿಯನ್ನು (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಕೆಲಸ ಶುರುವಾಗುವ ಮೊದಲೇ ಮಾಡಿಸಿ. ಸರ್ಕಾರಿ ಪೋರ್ಟಲ್‌ನಲ್ಲಿ ಅದು ಪುಕ್ಕಟೆ, ದುಡ್ಡು ಕೇಳುವ ಸೈಟ್‌ಗಳು ಏಜೆಂಟರದ್ದು. ಅದಿದ್ದರೆ 2006ರ ಎಂಎಸ್‌ಎಂಇ (ಸಣ್ಣ ಉದ್ದಿಮೆಗಳ) ಕಾಯ್ದೆಯಡಿ ಒಪ್ಪಂದ ಏನೇ ಇದ್ದರೂ 45 ದಿನದ ಮೇಲೆ ಹಣ ಬಾಕಿ ಇಡುವಂತಿಲ್ಲ, ಇಟ್ಟರೆ ರಿಸರ್ವ್ ಬ್ಯಾಂಕ್ ಘೋಷಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ.

ಇನ್ನೊಂದು. ಪೇಜ್ ಬಿಲ್ಡರ್‌ನ (ಪುಟ ಕಟ್ಟುವ ಟೂಲ್) ಲೈಸೆನ್ಸ್ ನನ್ನ ಖಾತೆಯದ್ದು, ಅವರ ಡೊಮೇನನ್ನು ಅದರಿಂದ ಕಿತ್ತುಹಾಕಿದ್ದೇನೆ. ಇನ್ನು ಅಪ್ಡೇಟ್ ಬರುವುದಿಲ್ಲ, ಅಳಿಯನಿಂದ ಆಗುವುದೂ ಇಲ್ಲ, ಹಾಗಾಗಿ ಇನ್ನೊಬ್ಬ ಹೊಸಬನನ್ನು ಹುಡುಕುತ್ತಾರೆ. ‘ಸೈಟ್ ರೆಡಿ ಉಂಟು, ಸಣ್ಣ ರಿಪೇರಿ ಅಷ್ಟೇ’ ಅಂತ ಹೋಟೆಲ್‌ನವರು ಯಾರಾದರೂ ಕರೆದರೆ ಚೈಲ್ಡ್ ಥೀಮ್‌ನ ಸ್ಟೈಲ್ ಫೈಲ್ ತೆರೆದು ‘ಆಥರ್’ ಸಾಲು ನೋಡಿ, ಆ ಹೆಸರಿನವನಿಗೆ ಒಂದು ಫೋನ್ ಮಾಡಿ, ಆಮೇಲೆ ರೇಟ್ ಹೇಳಿ.