ಬಿದರಿಗೆ ಬರೆದ ಸುಳಿವುಗಳು: ಕಲಬುರಗಿಯ ಗೂಢ ಪದಬಂಧ ಸ್ಪರ್ಧೆಯ ಫಲಿತಾಂಶ ಹೇಗಿದೆ?

ಕಲಬುರಗಿಯ ಪದಬಂಧ ಗೆಳೆಯರ ಸುಳಿವು ಸ್ಪರ್ಧೆಯ ಫಲಿತಾಂಶ ನಾಲ್ಕು ಪುಟದ ಹಾಳೆಯಾಗಿ ಬಂದಿದೆ. ಕೊಟ್ಟ ಪದ ‘ಬಿದರಿ’, ಅಂದರೆ ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ಬೀದರಿನ ಕುಸುರಿ ಕಲೆ; ಪದಬಂಧದಲ್ಲಿ ಮೂರು ಮನೆ. ಒಬ್ಬರಿಗೆ ಒಂದೇ ಸುಳಿವು, ಅದರ ಕೆಳಗೆ ಬಿಡಿಸುವ ಬಗೆ. ಬಹುಮಾನ ಮೂರು, ಆಮೇಲೆ ‘ವಿಶೇಷ ಮೆಚ್ಚುಗೆ’, ‘ಮೆಚ್ಚುಗೆ’. ಈ ಪದ್ಧತಿ ಇಂಗ್ಲೆಂಡಿನ ಅಬ್ಸರ್ವರ್ ಪತ್ರಿಕೆಯ ಪದಬಂಧದ್ದು. ಅಲ್ಲಿ ಕ್ಸಿಮೆನೀಸ್ ಎಂಬ ಹೆಸರಿನಲ್ಲಿ ಪದಬಂಧ ಕಟ್ಟುತ್ತಿದ್ದ ಡೆರಿಕ್ ಮ್ಯಾಕ್ನಟ್, 1972ರಲ್ಲಿ ಅಝೆಡ್ ಎಂಬ ಹೆಸರಿನಲ್ಲಿ ಆ ಜಾಗಕ್ಕೆ ಬಂದವರು, ಇಬ್ಬರೂ ಓದುಗರಿಂದ ಸುಳಿವು ಬರೆಸಿ ಗೆದ್ದವುಗಳ ಮೇಲೆ ಟಿಪ್ಪಣಿ ಹಂಚುತ್ತಿದ್ದರು. ಕಟ್ಟಳೆಯೂ ಅಲ್ಲಿಯದೇ: ಸುಳಿವಿನಲ್ಲಿ ಒಂದು ನಿಖರ ಅರ್ಥ, ಉತ್ತರದ ಅಕ್ಷರಗಳಿಗೆ ದಾರಿ ತೋರುವ ಒಂದು ನ್ಯಾಯವಾದ ಅಕ್ಷರದಾಟ, ಇವೆರಡರಾಚೆ ಏನೂ ಇರಬಾರದು.

ಹಾಳೆಯ ಮೊದಲ ಪುಟದಲ್ಲಿ ಬರೀ ಅಂಕಪಟ್ಟಿ ಇದೆ, ಅದನ್ನು ಹಾರಿಸಬಹುದು. ಬೆಲೆಯಿರುವುದು ಎರಡನೇ ಮತ್ತು ಮೂರನೇ ಪುಟಕ್ಕೆ.

ಮೊದಲ ಬಹುಮಾನದ ಸುಳಿವು ಇದು: ‘ಬಿಸಿಲಿಗೆ ದಣಿದ ರಿಕ್ಷಾದವರ ತಲೆಗಳು, ಬೆಳ್ಳಿ ಮೂಡಿದ ಕಪ್ಪು (3)’.

ಮೂರು ಪದಗಳ ತಲೆ, ಅಂದರೆ ಮೊದಲಕ್ಷರ, ಎತ್ತಿಕೊಂಡರೆ ಬಿ, ದ, ರಿ. ಉಳಿದ ‘ಬೆಳ್ಳಿ ಮೂಡಿದ ಕಪ್ಪು’ ಬಿದರಿಯ ಅರ್ಥ. ತಂತ್ರವೇನೋ ಎಲ್ಲಕ್ಕಿಂತ ಸುಲಭದ್ದು, ಪದಬಂಧ ಹಿಡಿದು ವಾರವಾದವರೂ ಬಿಡಿಸುತ್ತಾರೆ. ಆದರೂ ಗೆದ್ದದ್ದು ಸರಿ. ಓದುವವರ ಕಣ್ಣಿಗೆ ಬೀಳುವುದು ಕೂದಲು ನರೆತ ರಿಕ್ಷಾ ಚಾಲಕರು. ಲೋಹದ ಹೂಜಿ ಯಾರ ತಲೆಗೂ ಹೊಳೆಯುವುದಿಲ್ಲ. ‘ತಲೆಗಳು’ ಎಂಬ ಬಹುವಚನವನ್ನೂ ಗಮನಿಸಬೇಕು. ‘ತಲೆ’ ಎಂದಷ್ಟೇ ಬರೆದಿದ್ದರೆ ಯಾವ ಪದದ ತಲೆ ಎಂಬ ತಕರಾರು ಏಳುತ್ತಿತ್ತು. ‘ಏಪ್ರಿಲ್ ಬಿಸಿಲಿಗೆ’ ಎಂದು ಒಂದೇ ಒಂದು ಪದ ಸೇರಿಸುವ ಆಸೆ ಯಾರಿಗಾದರೂ ಬರುತ್ತದೆ, ಆಗ ‘ಏ’ ಬಂದು ಆಟ ಕೆಡುತ್ತಿತ್ತು. ಬರೆದವರು ಕೈ ತಡೆದಿದ್ದಾರೆ.

ಎರಡನೆಯದು: ‘ಅಡ್ಡಾದಿಡ್ಡಿ ಬಿರಿದ ಬೆಳ್ಳಿ ಹೂಬಳ್ಳಿ, ಕಪ್ಪು ನೆಲದ ಮೇಲೆ (3)’. ಇದು ಅಕ್ಷರಪಲ್ಲಟ. ‘ಬಿರಿದ’ ಎಂಬುದನ್ನು ಅಡ್ಡಾದಿಡ್ಡಿ ಮಾಡಿದರೆ ‘ಬಿದರಿ’. ಕಪ್ಪು ನೆಲ ಎಂದ ಕೂಡಲೇ ಕಲಬುರಗಿಯವರ ಮನಸ್ಸು ಎರೆಹೊಲಕ್ಕೆ ಓಡುತ್ತದೆ, ಅಲ್ಲೇ ಸುಳಿವು ನಿಮ್ಮನ್ನು ಕೆಡವುತ್ತದೆ. (ಬೀದರಿನ ನೆಲ ಕೆಂಪು ಜಂಬಿಟ್ಟಿಗೆಯದು, ಕಪ್ಪು ಬರುವುದು ಪಾತ್ರೆಗೆ.) ಅಕ್ಷರದಾಟವನ್ನು ಪಕ್ಕಕ್ಕಿಟ್ಟು ಇಡೀ ಸಾಲನ್ನು ಓದಿದರೂ ಅದು ಬಿದರಿಯದೇ ವರ್ಣನೆ.

ಈ ಸುಳಿವಿನ ಒಳಗುಟ್ಟು ವ್ಯಾಕರಣದಲ್ಲಿದೆ, ಹಾಳೆಯ ಟಿಪ್ಪಣಿ ಅದನ್ನು ಹೇಳಿಲ್ಲ. ಕನ್ನಡದಲ್ಲಿ ನಾಮಪದ ವಾಕ್ಯಕ್ಕೆ ಬಂದೊಡನೆ ಬಾಲಕ್ಕೆ ವಿಭಕ್ತಿ ಅಂಟುತ್ತದೆ: ಅನ್ನು, ಇಂದ, ಗೆ, ಅಲ್ಲಿ. ಪಲ್ಲಟಕ್ಕೆ ಇಟ್ಟ ಪದಕ್ಕೆ ಅದು ಅಂಟಿದರೆ ಅಕ್ಷರದ ಲೆಕ್ಕ ತಪ್ಪುತ್ತದೆ. ‘ಬಿರಿದ’, ‘ಸುಟ್ಟ’, ‘ಕಳೆದ’ ಇಂಥ ಕೃದಂತಗಳು ಮಾತ್ರ ಏನನ್ನೂ ಅಂಟಿಸಿಕೊಳ್ಳದೆ ಮುಂದಿನ ಪದಕ್ಕೆ ಆತುಕೊಂಡು ನಿಲ್ಲುತ್ತವೆ. ಪಲ್ಲಟಕ್ಕೆ ಪದ ಹುಡುಕುವಾಗ ಮೊದಲು ನೋಡಬೇಕಾದದ್ದು ಅವನ್ನೇ.

ಹಾಗಿದ್ದೂ ಎರಡನೇ ಸ್ಥಾನ ಏಕೆ? ಮೂರು ಅಕ್ಷರಕ್ಕೆ ಜೋಡಣೆ ಆರು, ಉತ್ತರ ಬಿಟ್ಟರೆ ಐದು, ಆ ಐದರಲ್ಲಿ ಅರ್ಥವಿರುವುದು ‘ಬಿರಿದ’ ಒಂದೇ. ಅದೂ ಕೊನೆಯ ಎರಡು ಅಕ್ಷರ ಜಾಗ ಬದಲಿಸಿದರೆ ಮುಗಿಯಿತು. ಇಷ್ಟಕ್ಕೆ ‘ಅಡ್ಡಾದಿಡ್ಡಿ’ ಎನ್ನುವುದು ತುಸು ದೊಡ್ಡ ಮಾತು. ಇದೇ ದಾರಿ ಹಿಡಿದ ಇನ್ನೊಬ್ಬರು ‘ಅಸ್ತವ್ಯಸ್ತವಾಗಿ ಅರಳಿದ ಬೆಳ್ಳಿ ಬಳ್ಳಿ’ ಎಂದು ಬರೆದು ಹೊರಬಿದ್ದಿದ್ದಾರೆ. ಬಿಡಿಸುವವರು ಮೊದಲು ‘ಅರಳಿದ’ ಅಂದರೆ ‘ಬಿರಿದ’ ಎಂದು ಊಹಿಸಬೇಕು, ಆಮೇಲೆ ಅದನ್ನು ಕಲಸಬೇಕು. ಕಲಸಬೇಕಾದ ಅಕ್ಷರಗಳು ಕಣ್ಣೆದುರೇ ಇರಬೇಕೆಂಬುದು ಮೊದಲ ಪಾಠ, ಅದಕ್ಕೆ ರಿಯಾಯಿತಿ ಇಲ್ಲ.

ಮೂರನೆಯದಕ್ಕೆ ಕೊಟ್ಟ ಬಹುಮಾನ ಒಪ್ಪಿಗೆಯಾಗುವುದಿಲ್ಲ: ‘ಅರಳು, ಒಳಗೆ ದಖನಿಯ ಶುರು, ಹೊರಗೆ ಬೆಳ್ಳಿ ಕುಸುರಿ (3)’. ಅರಳು ಅಂದರೆ ಬಿರಿ, ಅದರೊಳಗೆ ದಖನಿಯ ಮೊದಲಕ್ಷರ ‘ದ’. ಲೆಕ್ಕ ಚೊಕ್ಕವಾಗಿದೆ. ಬೆಳ್ಳಿ ಕೂರುವುದು ಹೊರಮೈ ಮೇಲೆಯೇ ಆದ್ದರಿಂದ ಅರ್ಥವೂ ಸರಿ. ಆದರೆ ಸಾಲು ಓದಿದರೆ ಏನೂ ಕಾಣುವುದಿಲ್ಲ, ಕಿರಾಣಿ ಚೀಟಿಯಂತಿದೆ.

ಆ ಜಾಗಕ್ಕೆ ಬರಬೇಕಿದ್ದ ಸುಳಿವು ‘ಮೆಚ್ಚುಗೆ’ಯ ಪಟ್ಟಿಯ ಕೊನೆಯಲ್ಲಿ ಬಿದ್ದಿದೆ: ‘ಜಮಖಾನದ ಮೇಲೆ ರಕ್ತದ ಒಂದು ಗುಂಪು, ಕಪ್ಪು ಕಲೆ (3)’. ರಕ್ತದ ಗುಂಪು ‘ಬಿ’, ಜಮಖಾನ ‘ದರಿ’. ‘ಕಲೆ’ ಎಂಬ ಒಂದೇ ಪದ ಓದಿನಲ್ಲಿ ಕೊಲೆಯ ಗುರುತು, ಉತ್ತರದಲ್ಲಿ ಕುಶಲಕಲೆ. ತೀರ್ಪುಗಾರರ ತಕರಾರು ಎರಡು. ಒಂದು, ‘ದರಿ’ ನೆಲಹಾಸಾಗುವುದು ಉರ್ದುವಿನಲ್ಲಿ, ಕನ್ನಡದಲ್ಲಿ ಅದು ಕಣಿವೆ ಅಥವಾ ಗುಹೆ. ಉರ್ದು ಮಾತು ದಿನಾ ಕಿವಿಗೆ ಬೀಳುವ ಕಲಬುರಗಿಯಲ್ಲಿ ಕೂತು ಈ ಮಾತಾಡುವುದು ಛಂದ ಅಲ್ಲ ಬಿಡ್ರಿ. ಎರಡು, ಒಂದರ ‘ಮೇಲೆ’ ಇನ್ನೊಂದು ಎಂಬುದು ಎಡದಿಂದ ಬಲಕ್ಕೆ ಬರೆಯುವ ಪದಕ್ಕೆ ಒಪ್ಪುವುದಿಲ್ಲ. ಇದು ನಿಜ. ಆದರೆ ಮೇಲಿನಿಂದ ಕೆಳಕ್ಕೆ ಹೋಗುವ ಪದದಲ್ಲಿ ‘ಬಿ’ ಖರೇನೇ ‘ದರಿ’ಯ ಮೇಲೆ ಕೂರುತ್ತದೆ. ಪದ ಅಡ್ಡವೋ ಉದ್ದವೋ ಎಂದು ಸ್ಪರ್ಧೆಯ ನಿಯಮದಲ್ಲೇ ಹೇಳಿರಲಿಲ್ಲ. ನಿಯಮ ಸುಮ್ಮನಿದ್ದ ಕಡೆ ಸಂಶಯದ ಲಾಭ ಬರೆದವರಿಗೆ ಸಲ್ಲಬೇಕಿತ್ತು.

ವಿಶೇಷ ಮೆಚ್ಚುಗೆಯಲ್ಲಿ ನಗಿಸುವುದು ‘ಗೋಬಿ ದರಿದ್ರ, ಒಳಗೆ ಮಾತ್ರ ಬೆಳ್ಳಿ ಕೆಲಸ (3)’. ಗೋ-ಬಿ-ದ-ರಿ-ದ್ರ, ನಡುವಿನ ಮೂರು ಎತ್ತಿಕೊಂಡರಾಯಿತು. ಉತ್ತರವನ್ನು ಎರಡು ಪದಗಳ ಸಂದಿನಲ್ಲಿ ಹುದುಗಿಸಿರುವುದು ಜಾಣತನ. ಕುಂದು ಇರುವುದು ‘ಮಾತ್ರ’ದಲ್ಲಿ, ಅದು ಅರ್ಥಕ್ಕೂ ಬೇಡ ಆಟಕ್ಕೂ ಬೇಡ. ಗೋಬಿಯೊಳಗೆ ಬೆಳ್ಳಿ ಎಂಬ ಚಿತ್ರವೂ ಕೂಡುವುದಿಲ್ಲ, ಬೆಳ್ಳಿ ವರಖು ಹಚ್ಚುವುದು ಮಿಠಾಯಿಗೆ. ಇಂಥ ಅಡಗುಪದ ಕಟ್ಟುವಾಗ ‘ಬಿ’ಯಿಂದ ಮುಗಿಯುವ ಪದಗಳನ್ನು ಒಂದು ಕಡೆ, ‘ದರಿ’ಯಿಂದ ಶುರುವಾಗುವವನ್ನು ಇನ್ನೊಂದು ಕಡೆ ಬರೆದುಕೊಳ್ಳಬೇಕು. ಎಡಗಡೆ ಗುಲಾಬಿ, ಗರೀಬಿ, ಖರಾಬಿ, ಶರಾಬಿ ಎಲ್ಲವೂ ಸಿಗುತ್ತವೆ. ‘ಶರಾಬಿ ದರಿದ್ರನ ಒಳಗೂ ಬೆಳ್ಳಿ ಕುಸುರಿ’ ಎಂದಿದ್ದರೆ ಒಬ್ಬ ಮನುಷ್ಯ ಕಾಣುತ್ತಿದ್ದ, ಬಹುಮಾನವೂ ಬರುತ್ತಿತ್ತೇನೋ.

ತಿರಸ್ಕಾರದ ಪಟ್ಟಿಯನ್ನು ಕಾರಣ ಸಮೇತ ಅಚ್ಚು ಮಾಡಿದ್ದು ಈ ಹಾಳೆಯ ದೊಡ್ಡ ಗುಣ. ‘ಗುಲಾಬಿ ದರ್ಶಿನಿಯೊಳಗೆ ಬೆಳ್ಳಿ ಕೆತ್ತನೆ’ ಬರೆದವರು ‘ರ್ಶಿ’ಯಿಂದ ರಕಾರವನ್ನೂ ಇಕಾರವನ್ನೂ ಕಿತ್ತು ‘ರಿ’ ಮಾಡಿದ್ದಾರೆ. ನಡುವಿನ ಶಕಾರ ಎಲ್ಲಿಗೆ ಹೋಯಿತು? ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ. ಒತ್ತು, ಗುಣಿತ, ಅರ್ಕಾವೊತ್ತು ಎಲ್ಲ ಸೇರಿ ಒಂದೇ ತುಂಡು, ಅದನ್ನು ಒಡೆಯುವಂತಿಲ್ಲ. ಮಾತಿನಲ್ಲಿ ‘ಬಿದ್ರಿ’ ಎನ್ನುತ್ತೇವೆಂದು ಎರಡು ಮನೆಗೆ ಸುಳಿವು ಬರೆದವರೂ ಇದೇ ಕಲ್ಲಿಗೆ ಎಡವಿದ್ದಾರೆ. ‘ಬೀದರಿಗೆ ದೀರ್ಘ ಕಳೆದರೆ’ ಎಂಬ ಸುಳಿವಿಗೆ ಸೊನ್ನೆ ಅಂಕ. ಬಿದರಿ ಹುಟ್ಟಿದ್ದೇ ಬೀದರಿನ ಹೆಸರಿನಿಂದ, ಅದೇ ಬೇರನ್ನು ತಿರುಗಿಸಿ ತೋರಿಸುವುದು ಆಟವಲ್ಲ.

ಅರ್ಥಭಾಗದಲ್ಲಿ ಹೆಚ್ಚು ಕೆಟ್ಟದ್ದು ‘ತಾಮ್ರದ ಪಾತ್ರೆ’ ಎಂಬ ಮಾತು. ಬಿದರಿಯ ಎರಕದಲ್ಲಿ ಬಹುಪಾಲು ಸತು, ತಾಮ್ರ ಬಹಳ ಕಡಿಮೆ. ಕೆತ್ತಿದ ಗೆರೆಗಳಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸಿ, ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕಿದಾಗ ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮೊದಲ ಬಹುಮಾನದ ‘ಮೂಡಿದ’ ಎಂಬ ಪದಕ್ಕೆ ಅಷ್ಟು ತೂಕ ಬಂದದ್ದು ಇದರಿಂದಲೇ. ಮಣ್ಣು ತೊಳೆದಾಗ ಕಪ್ಪಿನ ಮೇಲೆ ಬೆಳ್ಳಿ ಎದ್ದು ಕಾಣುತ್ತದೆ.

ಹಾಳೆಯಲ್ಲಿ ತಿದ್ದಬೇಕಾದದ್ದೂ ಇದೆ. ಅಂಕಗಳನ್ನು ಒಟ್ಟಾಗಿ ಕೊಟ್ಟಿದ್ದಾರೆ. ಅರ್ಥಕ್ಕೆಷ್ಟು, ಆಟಕ್ಕೆಷ್ಟು, ಓದಿಗೆಷ್ಟು ಎಂದು ಬಿಡಿಸದಿದ್ದರೆ ಕಳೆದುಕೊಂಡದ್ದು ಎಲ್ಲಿ ಎಂದು ತಿಳಿಯುವುದಿಲ್ಲ. ಯಾವ ನಿಘಂಟು ಪ್ರಮಾಣ ಎಂಬುದನ್ನೂ ಹೇಳಿಲ್ಲ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಎಂದು ಒಂದು ಸಾಲು ಹಾಕಿ, ಈ ಭಾಗದ ಉರ್ದು ಪದಗಳಿಗೆ ಅನುಮತಿ ಉಂಟೋ ಇಲ್ಲವೋ ಎಂದರೆ ಅರ್ಧ ಜಗಳ ಮುಗಿಯುತ್ತದೆ. ಮೊಬೈಲಿಗೆ ಕಳಿಸಿದ ಪ್ರತಿಯಲ್ಲಿ ಹಳೆಯ ಆಸ್ಕಿ ಅಕ್ಷರದಿಂದ ಯುನಿಕೋಡ್‌ಗೆ ತಿರುಗಿಸುವಾಗ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಜಾರಿದೆ. ಬೇರೆ ಬರಹದಲ್ಲಾದರೆ ನಡೆದೀತು, ಅಕ್ಷರ ಎಣಿಸುವ ಹಾಳೆಯಲ್ಲಿ ಅಲ್ಲ. ಕಾಗದದ ಪ್ರತಿಯನ್ನೇ ಕೇಳಿ ಪಡೆಯುವುದು ಒಳಿತು.

ಮುಂದಿನ ಸುತ್ತಿಗೆ ಕೊಟ್ಟ ಪದ ‘ತೊಗರಿ’. ಪಲ್ಲಟದ ದಾರಿ ಮುಚ್ಚಿದೆ, ಉಳಿದ ಐದು ಜೋಡಣೆಯಲ್ಲಿ ಒಂದಕ್ಕೂ ಅರ್ಥವಿಲ್ಲ. ‘ತೊ’ ಜತೆಗೆ ‘ಗರಿ’ ಕೂಡಿಸುವುದು ಎಲ್ಲರಿಗೂ ಹೊಳೆಯುವುದರಿಂದ ಅಲ್ಲಿ ನೂಕುನುಗ್ಗಲು ಇರುತ್ತದೆ. ಅಡಗುಪದ ಬೇಕೆಂದರೆ ‘ತೊ’ದಿಂದ ಮುಗಿಯುವ ಪದ ಬೇಕು. ‘ಆಯ್ತೊ’ ಬಾರದು, ಅಲ್ಲಿರುವುದು ‘ಯ್ತೊ’ ಎಂಬ ಒಂದೇ ತುಂಡು. ‘ಬಂತೊ’ ನಡೆಯುತ್ತದೆ, ಸೊನ್ನೆ ‘ಬ’ದ ಜತೆ ಉಳಿದು ‘ತೊ’ ಬಿಡಿಯಾಗಿ ಸಿಗುತ್ತದೆ. ಅದರ ಪಕ್ಕಕ್ಕೆ ‘ಗರಿ’ಯಿಂದ ಶುರುವಾಗುವ ಪದ ತಂದು ಕೂರಿಸಿ, ಬೇಳೆಗೋ ಹೊಲಕ್ಕೋ ಸೇರದ ಒಂದು ಸಾಲು ಕಟ್ಟಿ ನೋಡಿ.