ಟ್ಯಾಂಕ್ ಮಾಡೆಲ್‌ಗೆ ಪೇಂಟ್ ಮಾಡಿಸಲು ದುಡ್ಡು ಕಳಿಸುವ ಮುಂಚೆ ದಯವಿಟ್ಟು ಇದನ್ನು ಓದಿ

ಇದನ್ನು ಬರೆಯೋಕೆ ನನಗೆ ನಾಚಿಕೆ ಆಗುತ್ತಿದೆ. ಹನ್ನೊಂದು ವರ್ಷದಿಂದ ಪ್ಲಾಸ್ಟಿಕ್ ಮಾಡೆಲ್ ಕಟ್ಟುತ್ತಿದ್ದೇನೆ, ಹೊಸಬನಲ್ಲ, ಆದರೂ ಪೇಂಟ್ ಮಾಡಿಕೊಡುತ್ತೇನೆ ಅಂದ ಒಬ್ಬನಿಂದ ಮೋಸ ಹೋದೆ. ಸುಮ್ನೆ ಇದ್ದುಬಿಡೋಣ ಅಂತ ಮೂರು ವಾರ ಇದ್ದೆ. ಮೊನ್ನೆ ಅದೇ ಮನುಷ್ಯ ನನಗೆ ಕಳಿಸಿದ್ದ ಫೋಟೋವನ್ನೇ ಇನ್ನೊಬ್ಬ ಹುಡುಗನಿಗೂ ಕಳಿಸಿ ಅಡ್ವಾನ್ಸ್ ಕೇಳಿದ್ದಾನೆ ಅಂತ ಗೊತ್ತಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಪ್ಪ ಸೈನ್ಯದಲ್ಲಿ ಟಿ-55 ಓಡಿಸಿದವರು. ಟ್ಯಾಂಕ್ ಅಂತ ಅವರು ಯಾವತ್ತೂ ಅನ್ನಲ್ಲ, "ಗಾಡಿ" ಅಂತಲೇ ಹೇಳೋದು. ಈ ವರ್ಷ ಅವರಿಗೆ 75 ತುಂಬಿತು. ಅವರ ಗಾಡಿಯನ್ನು ಅವರ ಕೈಗೇ ಇಡಬೇಕು ಅಂತ ತಮಿಯಾ ಅನ್ನೋ ಮಾಡೆಲ್ ಕಂಪನಿಯವರ 1/35 ಅಳತೆಯ ಟಿ-55ಎ ಕಿಟ್ ತರಿಸಿದೆ. ಒಳ್ಳೇ ಕಿಟ್, ಅದರ ಬಗ್ಗೆ ಎರಡು ಮಾತಿಲ್ಲ. ಎರಡು ತಿಂಗಳು ರಾತ್ರಿ ಕೂತು ಕಟ್ಟಿದೆ. ತಿರುಗೋಪುರದ ವೆಲ್ಡಿಂಗ್ ಗೆರೆ ಸರಿ ಬರಲಿಲ್ಲ ಅಂತ ಉಜ್ಜಿ ಮತ್ತೆ ಮಾಡಿದೆ. ಗನ್ ಸೇರಿ 25 ಸೆಂಟಿಮೀಟರ್ ಚಿಲ್ಲರೆ ಉದ್ದ, ಕೈಯಲ್ಲಿ ಹಿಡಿದರೆ ಖುಷಿ ಆಗುತ್ತಿತ್ತು.

ನನ್ನ ಹತ್ತಿರ ಏರ್‌ಬ್ರಶ್ (ಗಾಳಿಯಿಂದ ಬಣ್ಣ ತೆಳ್ಳಗೆ ಸಿಂಪಡಿಸುವ ಸಾಧನ) ಇಲ್ಲ. ಬಾಡಿಗೆ ಮನೆ, ಕಂಪ್ರೆಸರ್ ಸದ್ದಿಗೆ ಓನರ್ ಒಪ್ಪಲ್ಲ. ಬ್ರಶ್‌ನಲ್ಲೇ ಹೊಡೆಯಬಹುದಿತ್ತು. ಆದರೆ ಇದು ಅಪ್ಪನಿಗೆ ಅಲ್ವಾ, ಚೆನ್ನಾಗಿ ಬರಲಿ ಅಂತ ಪೇಂಟಿಂಗ್, ವೆದರಿಂಗ್ (ಬಳಸಿದ ಗಾಡಿಯ ಹಾಗೆ ಧೂಳು, ಕಲೆ ತೋರಿಸೋದು) ಎರಡನ್ನೂ ಮಾಡಿಕೊಡುತ್ತೇನೆ ಅಂದ ಒಬ್ಬನಿಗೆ ಕೊರಿಯರ್ ಮಾಡಿದೆ. ಒಟ್ಟು 14,000 ರೂಪಾಯಿ, 9,000 ಮೊದಲೇ. ಯುಪಿಐನಲ್ಲಿ ಕಳಿಸಿದೆ. ಬಿಲ್ ಕೇಳಲಿಲ್ಲ.

ಎರಡು ವಾರ ಬಿಟ್ಟು ಫೋಟೋ ಬಂತು. "ಕೆಲಸ ನಡೀತಿದೆ ಸರ್, ನೋಡಿ." ಹಸಿರು ಬಣ್ಣ ತೆಳ್ಳಗೆ ಕೂತಿತ್ತು, ಮೂಲೆಮೂಲೆಯಲ್ಲಿ ಧೂಳು, ಇಂಜಿನ್ ಮುಚ್ಚಳದ ಹತ್ತಿರ ಡೀಸೆಲ್ ಚೆಲ್ಲಿ ಒಣಗಿದ ಕಲೆ. ನನ್ನ ಕಣ್ಣಲ್ಲಿ ನೀರು ಬಂತು, ನಿಜ ಹೇಳುತ್ತೇನೆ. ಆ ಫೋಟೋವನ್ನು ಇಪ್ಪತ್ತು ಸಲವಾದರೂ ನೋಡಿರಬೇಕು. ಬಾಕಿ 5,000 ಅವತ್ತೇ ಕಳಿಸಿಬಿಟ್ಟೆ.

ಅಪ್ಪನ ಹುಟ್ಟಿದ ದಿನಕ್ಕೆ ಎರಡು ದಿನ ಮುಂಚೆ ಪೆಟ್ಟಿಗೆ ಬಂತು. ತೆಗೆದ ತಕ್ಷಣ ಥಿನ್ನರ್ ವಾಸನೆ ಗಪ್ಪಂತ ಹೊಡೆಯಿತು. ಗೇಟಿಗೆ ಹೊಡೆಯುವ ಸ್ಪ್ರೇ ಡಬ್ಬಿಯ ಬಣ್ಣ ಅದು, ದಪ್ಪಗೆ ಬಳಿದಿದ್ದಾನೆ. ನಾನು ಕೂತು ಮಾಡಿದ ವೆಲ್ಡಿಂಗ್ ಗೆರೆ ಪೂರ್ತಿ ಮುಚ್ಚಿಹೋಗಿದೆ. ಇಂಜಿನ್ ಮೇಲಿನ ಜಾಲರಿಯ ತೂತುಗಳು ಕಟ್ಟಿಹೋಗಿವೆ. ಡೆಕಾಲ್ (ಅಂಟಿಸುವ ಗುರುತು, ನಂಬರ್) ಸುತ್ತ ಬೆಳ್ಳಗೆ ಪೊರೆ, ಅಂದರೆ ಕೆಳಗೆ ಹೊಳಪಿನ ವಾರ್ನಿಶ್ ಹೊಡೆದೇ ಇಲ್ಲ, ಒರಟು ಬಣ್ಣದ ಮೇಲೇ ಅಂಟಿಸಿದ್ದಾನೆ. ವಾಶ್ (ಸಂದುಗಳು ಎದ್ದು ಕಾಣಲು ಹರಿಬಿಡುವ ತೆಳು ಬಣ್ಣ) ಅಂತ ಥಿನ್ನರ್ ಸುರಿದಿದ್ದಾನೆ, ಅದು ಚಕ್ರದ ತೋಳುಗಳ ಬುಡಕ್ಕೆ ಇಳಿದು ಪ್ಲಾಸ್ಟಿಕ್ ಬಿರುಕು ಬಿಟ್ಟಿದೆ. ಪೆಟ್ಟಿಗೆಯಿಂದ ಎತ್ತಿದಾಗಲೇ ಎರಡು ಚಕ್ರ ಕೈಗೆ ಬಂದವು.

ಇನ್ನು ಬಣ್ಣ ಕಿತ್ತುಹೋದ ಹಾಗೆ ತೋರಿಸುವ ಚುಕ್ಕೆಗಳು. ಒಂದೊಂದೂ 4 ಮಿಲಿಮೀಟರ್. 1/35ರಲ್ಲಿ 4 ಮಿಲಿಮೀಟರ್ ಅಂದರೆ ನಿಜವಾದ ಟ್ಯಾಂಕಿನಲ್ಲಿ 14 ಸೆಂಟಿಮೀಟರ್, ಒಂದು ಅಂಗೈಗಿಂತ ಅಗಲ! ಸ್ಪಂಜಿನ ತುದಿಯಲ್ಲಿ ಒಂದೆರಡು ಕಡೆ ಮುಟ್ಟಿಸಿದ್ದರೆ ಸಾಕಿತ್ತು. ಇವನು ಮೈತುಂಬ ಮಚ್ಚೆ ಹಾಕಿದ್ದಾನೆ.

ಬೇರೆ ದಾರಿ ಇರಲಿಲ್ಲ. ಚಕ್ರ ಅಂಟಿಸಿ ಅದನ್ನೇ ಅಪ್ಪನ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ, "ರಬ್ಬರಿಗೆ ಎಲ್ಲಾದರೂ ತುಕ್ಕು ಹಿಡಿಯುತ್ತೇನೋ?" ಅಂದರು. ಚಕ್ರದ ಸುತ್ತ ಇರುವ ರಬ್ಬರ್ ಪಟ್ಟಿಗೂ ಕಿತ್ತಳೆ ತುಕ್ಕು ಬಳಿದಿದ್ದ! "ಸೈಲೆನ್ಸರ್ ಎಡಗಡೆ ಕಣೋ. ನಾನು ಕೂರ್ತಿದ್ದದ್ದೂ ಎಡಗಡೆನೇ. ಇವನು ಹೊಗೆಮಸಿ ಬಲಗಡೆ ಹಾಕಿದಾನೆ, ಅಲ್ಲಿರೋದು ಡೀಸೆಲ್ ಟ್ಯಾಂಕು." ಕೆಳಗಿಟ್ಟಾಗ ನೋಡಿದರೆ ಅವರ ಅಂಗೈಯೆಲ್ಲ ಕೆಂಪು, ಬಿಳಿ ಪಂಚೆಯ ಮೇಲೂ ಕೆಂಪು. ತುಕ್ಕು, ಧೂಳಿನ ಹಾಗೆ ಕಾಣಲು ಹಚ್ಚುವ ಪಿಗ್ಮೆಂಟ್ ಪುಡಿ ಉದುರದ ಹಾಗೆ ಫಿಕ್ಸರ್ ಹಾಕಿಲ್ಲ. ಪಿಗ್ಮೆಂಟೋ ಇಟ್ಟಿಗೆ ಪುಡಿಯೋ ದೇವರೇ ಬಲ್ಲ. ಅಪ್ಪ ಇನ್ನೇನೂ ಅನ್ನಲಿಲ್ಲ. "ನೀನು ಕಟ್ಟಿದ್ದು ಚೆನ್ನಾಗಿದೆ" ಅಂದರು, ಅಷ್ಟೇ. ಆ ಪಂಚೆ ನೋಡಿ ನನಗೆ ಆದ ಸಂಕಟ ಹೇಳೋಕಾಗಲ್ಲ.

ಅವತ್ತು ರಾತ್ರಿ ಅವನು ಕಳಿಸಿದ್ದ ಫೋಟೋ ಮತ್ತೆ ತೆಗೆದೆ. ಇಪ್ಪತ್ತು ಸಲ ನೋಡಿದ್ದ ಅದೇ ಫೋಟೋ. ಟಿ-55ಕ್ಕೆ ಒಂದು ಕಡೆಗೆ ಐದು ಚಕ್ರ, ಮೊದಲನೇದಕ್ಕೂ ಎರಡನೇದಕ್ಕೂ ನಡುವೆ ದೊಡ್ಡ ಸಂದು. ಫೋಟೋದಲ್ಲಿ ಸಂದು ಹಿಂದಿನ ಚಕ್ರಗಳ ನಡುವೆ ಇತ್ತು. ಅಂದರೆ ಅದು ಟಿ-62. ನಮ್ಮ ಸೈನ್ಯದಲ್ಲಿ ಇರಲೇ ಇಲ್ಲದ ಗಾಡಿ! ಹಿಂದೆ ಗೋಡೆಯಲ್ಲಿ ಒಂದು ಪ್ಲಗ್ ಪಾಯಿಂಟ್, ಅದರ ತೂತುಗಳು ಚಪ್ಪಟೆ. ನಮ್ಮಲ್ಲಿ ದುಂಡನೆ ತೂತು ಅಲ್ವಾ? ಬೇರೆ ಯಾವುದೋ ದೇಶದಲ್ಲಿ, ಬೇರೆ ಯಾರೋ ಕಷ್ಟಪಟ್ಟು ಮಾಡಿದ್ದು. ಅದನ್ನು ಎತ್ತಿ ನನಗೆ ಕಳಿಸಿದ್ದಾನೆ. ನನ್ನ ಟ್ಯಾಂಕನ್ನು ಅಷ್ಟು ದಿನ ಮುಟ್ಟಿಯೇ ಇರಲಿಲ್ಲ ಅನ್ನಿಸುತ್ತದೆ. ಫೋನ್ ಹಿಡಿದುಕೊಂಡು ಹಾಗೇ ಕೂತೆ. ಹನ್ನೊಂದು ವರ್ಷ ಇದೇ ಹುಚ್ಚು ಹಿಡಿದವನು ಚಕ್ರದ ಸಂದು ನೋಡಲಿಲ್ಲ. ಬಣ್ಣ ನೋಡಿದೆ, ಸಂದು ನೋಡಲಿಲ್ಲ.

ಅವನ ಉತ್ತರಗಳನ್ನು ಹಾಗೇ ಹಾಕುತ್ತೇನೆ.

ನಾನು: ರಬ್ಬರಿಗೆ ಯಾಕೆ ತುಕ್ಕು?
"ಅದು ಆರ್ಟಿಸ್ಟಿಕ್ ಟಚ್ ಸರ್."

ನಾನು: ಪುಡಿ ಉದುರುತ್ತಿದೆ.
"ಮಾಡೆಲ್‌ನ ಕೈಯಲ್ಲಿ ಮುಟ್ಟಬಾರದು ಸರ್, ನೋಡೋಕೆ ಅಷ್ಟೇ."

ನಾನು: ಚಕ್ರ ಬಿದ್ದಿದೆ, ಪ್ಲಾಸ್ಟಿಕ್ ಬಿರುಕು ಬಿಟ್ಟಿದೆ.
"ಅದು ನೀವು ಕಟ್ಟಿದ್ದು ಸರಿ ಇಲ್ಲ ಸರ್. ಇಲ್ಲಾಂದ್ರೆ ಕೊರಿಯರ್‌ನವರು."

ನಾನು: ಆ ಫೋಟೋ ನನ್ನ ಟ್ಯಾಂಕಿನದಲ್ಲ.
"ಅದು ಸ್ಯಾಂಪಲ್ ಅಂತ ಹೇಳಿದ್ನಲ್ಲ ಸರ್."

ಹೇಳಿರಲಿಲ್ಲ. "ಕೆಲಸ ನಡೀತಿದೆ" ಅಂತ ಹೇಳಿದ್ದ, ಮೆಸೇಜ್ ನನ್ನ ಹತ್ತಿರ ಇದೆ. ಕೊನೆಗೆ, "ಯುದ್ಧದ ಟ್ಯಾಂಕ್ ಹೀಗೇ ಇರೋದು ಸರ್, ನಿಮಗೆ ಗೊತ್ತಿಲ್ಲ" ಅಂತ ಬಂತು. ನನಗೆ ತಡೆಯೋಕಾಗದಷ್ಟು ಸಿಟ್ಟು ಬಂದಿದ್ದು ಇದಕ್ಕೇ. ದಿನಾ ಸಂಜೆ ಮೇಂಟೆನೆನ್ಸ್ ಪೆರೇಡ್‌ನಲ್ಲಿ ಗಾಡಿ ಒರೆಸಿ, ಗ್ರೀಸ್ ಹಾಕಿ ನಿಲ್ಲಿಸುತ್ತಿದ್ದ ಮನುಷ್ಯ ನನ್ನ ಪಕ್ಕದಲ್ಲೇ ಕೂತಿದ್ದರು. 36 ಟನ್ ಗಾಡಿಗೆ ಮೈಯೆಲ್ಲ ತುಕ್ಕು ಹಿಡಿಯೋಕೆ ಅವರು ಬಿಡುತ್ತಿದ್ದರಾ? ಇಷ್ಟಾದ ಮೇಲೆ ಬ್ಲಾಕ್ ಮಾಡಿದ.

1915ಕ್ಕೆ, ಗ್ರಾಹಕರ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ. ಬಿಲ್ ಇಲ್ಲ, ಇರೋದು ಚಾಟ್ ಮತ್ತು ಯುಪಿಐ ರಸೀದಿ ಅಷ್ಟೇ. ದುಡ್ಡು ವಾಪಸ್ ಬರುತ್ತೆ ಅನ್ನೋ ನಂಬಿಕೆ ಜಾಸ್ತಿ ಇಲ್ಲ.

ನೀವು ಮಾಡೆಲ್ ಪೇಂಟಿಂಗ್‌ಗೆ ಕೊಡೋದಾದರೆ ಫೋಟೋ ನಂಬಬೇಡಿ. ನಿಮ್ಮ ಹೆಸರು, ಅವತ್ತಿನ ತಾರೀಕು ಬರೆದ ಚೀಟಿಯನ್ನು ನಿಮ್ಮ ಟ್ಯಾಂಕಿನ ಪಕ್ಕ ಇಟ್ಟು ವಿಡಿಯೋ ಮಾಡಿ ಕಳಿಸಲಿ. ಕಳಿಸಲ್ಲ ಅಂದರೆ ಅಲ್ಲಿಗೇ ಬಿಡಿ. ಪ್ರೈಮರ್ ಯಾವುದು, ಡೆಕಾಲ್‌ಗೆ ಮುಂಚೆ ಯಾವ ವಾರ್ನಿಶ್, ಪಿಗ್ಮೆಂಟ್‌ಗೆ ಏನು ಫಿಕ್ಸರ್ ಅಂತ ಕೇಳಿ. ಕೆಲಸ ಗೊತ್ತಿರುವವನು ಖುಷಿಯಿಂದ ಹೇಳುತ್ತಾನೆ, ನನ್ನವನು "ಎಲ್ಲಾ ಇಂಪೋರ್ಟೆಡ್ ಸರ್" ಅಂದಿದ್ದ. ಬಾಕಿ ದುಡ್ಡು ಮಾಡೆಲ್ ಕೈಗೆ ಬಂದ ಮೇಲೆ ಕೊಡಿ. ನನ್ನ ಹಾಗೆ ಫೋಟೋ ನೋಡಿ ಕರಗಿಹೋಗಬೇಡಿ.

ನಿಮಗೂ ಯಾರಾದರೂ ಹಸಿರು ಟ್ಯಾಂಕಿನ ಫೋಟೋ ಕಳಿಸಿದ್ದರೆ, ಅದರಲ್ಲಿ ಬೂದು ಬಣ್ಣದ ಕಟಿಂಗ್ ಮ್ಯಾಟ್, ಎಡಗಡೆ ಗೋಡೆಯಲ್ಲಿ ಚಪ್ಪಟೆ ತೂತಿನ ಪ್ಲಗ್ ಪಾಯಿಂಟ್ ಇದ್ದರೆ, ದುಡ್ಡು ಕಳಿಸಬೇಡಿ. ಮೊದಲು ನನಗೊಂದು ಮೆಸೇಜ್ ಹಾಕಿ, ನನ್ನ ಹತ್ತಿರ ಇರುವ ಫೋಟೋ ಕಳಿಸುತ್ತೇನೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.